ಕರಿ ಪರದೆಯ ಅಕ್ಕಾರು

ಹುನಗುಂದದಲ್ಲಿ, ತೀರಿಕೊಂಡ ಅಕ್ಕಾರ ಶಿವಗಣಾರಾಧನೆಯ ದಿನ ಪ್ರಸಾದಕ್ಕೆ ಮೊದಲು ಒಬ್ಬೊಬ್ಬರೂ ಎದ್ದು ನಿಂತು ಅವರ ಬಗ್ಗೆ ಎರಡು ಮಾತು ಹೇಳಿದರು. ನನ್ನ ಸರದಿ ಬಂದಾಗ, ಅಕ್ಕಾರು ವೇಳೆಗೆ ಸರಿಯಾಗಿ ಬರುತ್ತಿದ್ದರು, ಕಂಪ್ಯೂಟರ್ ಕೆಲಸ ಚೆನ್ನಾಗಿ ಬಲ್ಲವರಾಗಿದ್ದರು ಎಂದಷ್ಟೇ ಹೇಳಿ ಕೂತುಬಿಟ್ಟೆ. ಕೆಲಸ ಬಿಟ್ಟವರಿಗೆ ಕಚೇರಿಯಿಂದ ಬರೆದುಕೊಡುವ ಸರ್ಟಿಫಿಕೇಟಿನ ಮಾತು ಅದು. ಇಳಕಲ್ಲಿಗೆ ವಾಪಸು ಬರುವ ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಹೇಳಬೇಕಾದದ್ದು ಬೇರೆಯೇ ಇತ್ತು, ಅದಕ್ಕೆ ಎದೆ ಬೇಕಿತ್ತು. ನಿಂತು ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ನಾವಿಬ್ಬರೂ ಇಳಕಲ್ಲಿನ ಹೊರವಲಯದ ಒಂದು ಗ್ರಾನೈಟ್ ಕಾರ್ಖಾನೆಯ ಕಚೇರಿಯಲ್ಲಿದ್ದೆವು. ಕ್ವಾರಿಯಿಂದ ಬಂದ ಕೆಂಪು ಕಲ್ಲಿನ ದಿಂಡುಗಳನ್ನು ಕ್ರೇನಿನಿಂದ ಎತ್ತಿ, ಕೊಯ್ದು, ಪಾಲಿಶ್ ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ. ಇಡೀ ಕಚೇರಿಗೆ ಇದ್ದದ್ದು ಒಂದೇ ಇಮೇಲ್ ವಿಳಾಸ. ಕಲ್ಲು ಕೊಳ್ಳುವವರು, ಹಡಗಿನವರು, ಕರೆಂಟಿನವರು, ಯಾರ್ಡಿನ ಆಪರೇಟರುಗಳು ಎಲ್ಲರೂ ಅದಕ್ಕೇ ಬರೆಯುತ್ತಿದ್ದರು. ಆ ಮೇಲುಗಳನ್ನು ಇಳಿಸಿಕೊಂಡು, ಗುರುತು ಹಾಕಿ, ಕಟ್ಟಿಡುವುದು ಮತ್ತು ಕೇಳಿದಾಗ ಹುಡುಕಿ ಕೊಡುವುದು ಅಕ್ಕಾರ ಕೆಲಸ. ನಾನು ಅವರ ಕೈಕೆಳಗೆ ಇದ್ದವನು.

ಅವರು ಮೌಸ್ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅವರ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಕರಿ ಪರದೆ, ಅದರ ಮೇಲೆ ಬಿಳಿ ಅಕ್ಷರ. ಹುಡುಕಬೇಕಾದದ್ದನ್ನು ಒಂದು ಸಾಲಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ, ಹನ್ನೊಂದು ವರ್ಷದ ಮೇಲುಗಳ ರಾಶಿಯೊಳಗಿಂದ ಬೇಕಾದ ನಾಲ್ಕು ಸಾಲು ಮೇಲೆ ಬರುತ್ತಿದ್ದವು. ಟೈಪ್ ಮಾಡುವ ಮೊದಲು ಸೆರಗಿನಿಂದ ಕೀಬೋರ್ಡಿನ ಕಲ್ಲುಪುಡಿ ಒರೆಸುತ್ತಿದ್ದರು. ಓದುವಾಗ ಕನ್ನಡಕವನ್ನು ಹಣೆಗೆ ಏರಿಸಿ, ಮೂಗು ಪರದೆಗೆ ತಾಗುವಷ್ಟು ಬಾಗುತ್ತಿದ್ದರು. ಕ್ವಾರಿಯಿಂದ ಬಂದ ಮ್ಯಾನೇಜರೊಬ್ಬ ಇದನ್ನು ನೋಡಿ, 'ಇದೇನ್ರಿ ಅಕ್ಕಾರ, ದೆವ್ವ ಬಿಡಸಾಕ ಕುಂತಂಗ ಕಾಣ್ತೀರಲ್ರಿ' ಎಂದಿದ್ದ. ಅವರು ತಲೆ ಎತ್ತದೆ, 'ಬಿಡಸ್ತೇನಿ ಕುಂದರ್ರಿ, ಮೊದಲ ನಿಮ್ಮ ಹೆಸರು ಹೇಳ್ರಿ' ಅಂದರು.

ಇದನ್ನು ಅವರು ಕಲಿತದ್ದು ಬಾಗಲಕೋಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಓದಲು ಹೋದದ್ದಲ್ಲ, ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಬೆಳಿಗ್ಗೆ ಮಷೀನ್ ಚಾಲೂ ಮಾಡುವುದು, ಸಂಜೆ ಬಂದ್ ಮಾಡುವುದು, ನಡುವೆ ಹುಡುಗರ ಬೆನ್ನ ಹಿಂದೆ ನಿಲ್ಲುವುದು. 'ಹುಡುಗ್ರು ಸರಿ ಬರದಾಗ ನನಗೇನೂ ತಿಳೀತಿರ್ಲಿಲ್ಲ. ತಪ್ಪ ಬರದಾಗ ಮಷೀನು ಯಾಕ ತಪ್ಪು ಅಂತ ಹೇಳ್ತಿತ್ತು. ಅದನ್ನ ಓದಿ ಓದಿ ಕಲ್ತೆ' ಎಂದು ಒಮ್ಮೆ ಹೇಳಿದ್ದರು. ಅವರ ಪಾಠದಲ್ಲಿಯೂ ತಪ್ಪಿಗೆ ಬೈಗುಳ ಇರುತ್ತಿರಲಿಲ್ಲ. 'ಮಷೀನು ಏನಂತೈತಿ ಓದು' ಅನ್ನುತ್ತಿದ್ದರು, ಅಷ್ಟೇ. ಅದು ಬೈಗುಳಕ್ಕಿಂತ ಕಷ್ಟ.

ಅವರ ಹುಡುಕುವ ರೀತಿ ನನಗೆ ಬಹಳ ಮೋಜೆನಿಸುತ್ತಿತ್ತು. ನಾವೆಲ್ಲ ಒಂದು ಶಬ್ದ ನೆನಪಿಟ್ಟುಕೊಂಡು ಹೋಗಿ, 'ಶೇಡ್ ಅಂತ ಇತ್ತು ನೋಡ್ರಿ' ಅನ್ನುತ್ತಿದ್ದೆವು. ಗ್ರಾನೈಟ್ ಕಾರ್ಖಾನೆಯಲ್ಲಿ ಶೇಡ್ ಎಂದು ಹುಡುಕಿದರೆ ಸಾವಿರ ಮೇಲ್ ಬರುತ್ತವೆ. 'ಶಬ್ದ ಬ್ಯಾಡ. ಅವತ್ತ ಏನಾಗಿತ್ತು ಹೇಳ್ರಿ' ಎಂಬುದು ಅವರ ಪ್ರಶ್ನೆ. ಒಮ್ಮೆ ಸಾವ್ಕಾರರಿಗೆ, ಅಂದರೆ ನಮ್ಮ ಮಾಲಕರಿಗೆ, ಇಟಲಿಯವನೊಬ್ಬ ಕಲ್ಲಿನ ಬಣ್ಣಕ್ಕೆ ಒಪ್ಪಿಗೆ ಕೊಟ್ಟ ಮೇಲ್ ತುರ್ತಾಗಿ ಬೇಕಾಗಿತ್ತು. ಅವರಿಗೆ ವರ್ಷವೂ ನೆನಪಿಲ್ಲ. ಬಹಳ ಹೊತ್ತು ತಲೆ ಕೆರೆದುಕೊಂಡು, 'ಮೊಮ್ಮಗಳ ಜಾವಳದ ಮರುದಿನ' ಎಂದರು. ಜಾವಳಕ್ಕೆ ಕಚೇರಿಗೆ ಸೂಟಿ, ರಜೆ ಎಂದು ಅವರೇ ಕಚೇರಿಯ ವಿಳಾಸಕ್ಕೆ ಮೇಲ್ ಮಾಡಿದ್ದರು. ಅಕ್ಕಾರು ಮೊದಲು ಸೂಟಿಯ ಮೇಲ್ ಹುಡುಕಿ ತಾರೀಖು ಹಿಡಿದರು, ಆಮೇಲೆ ಮರುದಿನ ಹೊರದೇಶದಿಂದ ಬಂದವುಗಳನ್ನಷ್ಟೇ ಕರೆದರು. ಐದು ಮೇಲ್ ಬಂದವು, ಮೂರನೆಯದು ಇಟಲಿಯವನದು.

ಕಟ್ಟಿಡುವುದರಲ್ಲಿಯೂ ಅವರದೇ ಪದ್ಧತಿ. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಂತ್ರಗಳಿಗೆ ಕಾಯಿ ಒಡೆದು ಬಂದ್ ಇಡುತ್ತಾರೆ. ಕಲ್ಲು ಕೊಯ್ಯುವ ಸದ್ದಿಲ್ಲದ ಆ ಒಂದು ದಿನ ಅಕ್ಕಾರು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಡುತ್ತಿದ್ದರು. ಹೀಗಾಗಿ ಅವರ ಫೋಲ್ಡರುಗಳು ತಿಂಗಳಿಗೊಂದಲ್ಲ, ಅಮಾವಾಸ್ಯೆಗೊಂದು. ಬಂದ ಮೇಲನ್ನು ಓದಿದವರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಅದಕ್ಕೆ ಗುರುತು ಹಾಕಬೇಕು. ಅದರ ಕೆಲಸ ಮುಗಿದ ಮೇಲೆ 'ಆತು' ಎಂಬ ಇನ್ನೊಂದು ಗುರುತು. ಯಾವ ಗುರುತನ್ನು ಯಾರು ಯಾವಾಗ ಹಾಕಿದರು ಎಂಬುದನ್ನೂ ಮಷೀನು ಆ ಮೇಲ್‌ನ ಕೆಳಗೇ ಬರೆದಿಡುತ್ತಿತ್ತು. ಶನಿವಾರ ಬಂತೆಂದರೆ 'ಆತು' ಗುರುತಿನವನ್ನೆಲ್ಲ ಒಂದೇ ಕಮಾಂಡಿನಲ್ಲಿ ಇನ್‌ಬಾಕ್ಸಿನಿಂದ ತೆಗೆದು ಫೋಲ್ಡರಿಗೆ ಸೇರಿಸುತ್ತಿದ್ದರು. ಯಾರ್ಡಿನವರು ದೂರುಗಳನ್ನು ಬಾಯಲ್ಲಿ ಹೇಳಬಾರದು, ವಾಟ್ಸಾಪಿಗೂ ಹಾಕಬಾರದು, ಮೇಲ್ ಮಾಡಬೇಕು ಎಂಬ ನಿಯಮ ತಂದವರೂ ಅವರೇ. 'ಬಾಯಾಗ ಹೇಳಿದ್ದು ಆಮ್ಯಾಲ ಯಾರಿಗೂ ನೆನಪ ಇರಂಗಿಲ್ಲ' ಎನ್ನುತ್ತಿದ್ದರು.

ಇನ್ನು ನನ್ನ ಕಥೆ. ಅದೊಂದು ಬುಧವಾರ ನಾನು ಬಾದಾಮಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಅಕ್ಕಾರು ಬೆಳಗಿನಿಂದ ಕಾಡಿಸಿದ್ದರು. 'ಫೋಟೋ ಮೇಲಿನ್ಯಾಗ ಬಂದೈತಲ್ಲೋ ತಮ್ಮಾ, ಗುರುತು ಹಾಕಿ ಬಿಡು, ಅಲ್ಲಿತನಕ ಯಾಕ ಹೋಗ್ತಿ?' ನಾನು ನಗುತ್ತ ಗಡಿಯಾರ ನೋಡಿದೆ. ಬಸ್ಸಿಗೆ ಹದಿನೈದು ನಿಮಿಷವಿತ್ತು, ನನ್ನ ಪಾಲಿನ ಐವತ್ತಮೂರು ಮೇಲ್ ಓದದೆ ಬಿದ್ದಿದ್ದವು. ಕರಿ ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದೆ: ಓದದೆ ಉಳಿದ ಎಲ್ಲಕ್ಕೂ ನನ್ನ ಅಕ್ಷರ ಹಾಕು, 'ಆತು' ಎಂದೂ ಹಾಕು. ಗುರುವಾರ ಬಂದು ನಿಧಾನ ನೋಡಿದರಾಯಿತು ಎಂದುಕೊಂಡೆ. ಗುರುವಾರ ನಾನು ಹುಡುಗಿ ಒಪ್ಪಿದ್ದಾಳೋ ಇಲ್ಲವೋ ಎಂಬ ಗುಂಗಿನಲ್ಲಿದ್ದೆ, ಶುಕ್ರವಾರವೂ ಅದೇ ಗುಂಗು.

ಮುಂದಿನ ಸೋಮವಾರ ಮಧ್ಯಾಹ್ನ ಯಾರ್ಡಿನಲ್ಲಿ ಕ್ರೇನಿನ ಉಕ್ಕಿನ ಹಗ್ಗ ಹರಿಯಿತು. ಎತ್ತಿದ್ದ ದಿಂಡು ಹೊರಳಿ ಕೆಳಗಿದ್ದ ಒಬ್ಬ ಹಮಾಲನ ಪಾದದ ಮೇಲೆ ಬಿತ್ತು. ಜೀವ ಉಳಿಯಿತು, ಬಾಗಲಕೋಟೆಯ ದವಾಖಾನೆಯಲ್ಲಿ ಪಾದ ತೆಗೆದರು. ಮಂಗಳವಾರ ಊಟದ ನಂತರ ಸರಕಾರದ ಇನ್‌ಸ್ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂತು. ಹಗ್ಗ ನೋಡಿಕೊಳ್ಳುವುದು ಕ್ರೇನ್ ಆಪರೇಟರನ ಕೆಲಸ, ಕೆಟ್ಟಿದ್ದರೆ ಅವನು ತಿಳಿಸಬೇಕಿತ್ತು, ತಿಳಿಸಲಿಲ್ಲ, ತಪ್ಪು ಅವನದೇ ಎಂದು ಸಾವ್ಕಾರರು ಬೆಳಿಗ್ಗೆಯೇ ತೀರ್ಮಾನ ಮಾಡಿದ್ದರು. ಅವನು ಐಹೊಳೆಯ ಕಡೆಯವನು, ನಲವತ್ತರ ಆಸುಪಾಸು, ಮಾತು ಕಡಿಮೆ. ತಾನು ಹಗ್ಗದ ಫೋಟೋ ತೆಗೆದು ಮೇಲ್ ಮಾಡಿದ್ದೇನೆ ಎಂದು ಒಂದೇ ಮಾತು ಹಿಡಿದಿದ್ದ. ಆದರೆ ಗಾಬರಿಯಲ್ಲಿ ಕ್ರೇನಿನಿಂದ ಜಿಗಿದಾಗ ಅವನ ಮೊಬೈಲು ಕಲ್ಲಿನ ಮೇಲೆ ಬಿದ್ದು ಪುಡಿಯಾಗಿತ್ತು. ಸಾವ್ಕಾರರು ಕಚೇರಿಯ ಇನ್‌ಬಾಕ್ಸ್ ತೆರೆದು ನೋಡಿದ್ದರು, ಅದರಲ್ಲಿ ಅಂಥ ಮೇಲ್ ಇರಲಿಲ್ಲ. ಸಿಗದಿದ್ದರೆ ಅವನ ಕೆಲಸ ಹೋಗುವುದಷ್ಟೇ ಅಲ್ಲ, ಪೊಲೀಸ್ ಕೇಸೂ ಬೀಳುತ್ತಿತ್ತು.

ಅದನ್ನು ಕೇಳಿದೊಡನೆ ನನಗೆ ಬುಧವಾರದ ಐವತ್ತಮೂರು ನೆನಪಾಯಿತು. ಆ ಮೇಲ್ ಸಿಗದಿರಲಿ ಎಂದು ನಾನು ದೇವರನ್ನು ಬೇಡಿಕೊಂಡೆ, ಇದನ್ನು ಮುಚ್ಚಿಡುವುದಿಲ್ಲ.

ಅಕ್ಕಾರು ಆಪರೇಟರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೀಬೋರ್ಡ್ ಒರೆಸಿದರು.

'ಏನಂತ ಬರದಿದ್ದಿ?'

'ಅದರಾಗ ಬರಿಯಾಕ ಬರಂಗಿಲ್ರಿ ಅಕ್ಕಾರ. ಫೋಟೋ ಅಷ್ಟ ಕಳಿಸೇನಿ. ನೀವ ಹೇಳಿದ್ರೆಲ್ರಿ, ಏನ ಇದ್ರೂ ಮೇಲಿಗೆ ಹಾಕ್ರಿ ಅಂತ.'

ಅವರ ಬೆರಳು ಒಂದು ಗಳಿಗೆ ನಿಂತವು. ಆಮೇಲೆ ಅವನ ಹೆಸರು ಹಾಕಿ ಹುಡುಕಿದರು, ಏನೂ ಬರಲಿಲ್ಲ. ಮೇಲ್ ಅಕೌಂಟ್ ಮಾಡಿಕೊಟ್ಟದ್ದು ಮೊಬೈಲ್ ಅಂಗಡಿಯವನಂತೆ. ಯಾವ ಹೆಸರಿನಲ್ಲಿ ಮಾಡಿದನೋ, ಪಾಸ್‌ವರ್ಡ್ ಏನಿಟ್ಟನೋ ಇವನಿಗೆ ಗೊತ್ತಿಲ್ಲ. ಕಳಿಸಿದ ತಾರೀಖೂ ನೆನಪಿಲ್ಲ. ನಾನು ಉಸಿರು ಬಿಟ್ಟೆ.

'ಇರ್ಲಿ. ಅವತ್ತ ಏನಾಗಿತ್ತು ಹೇಳು.'

'ಏನೂ ಆಗಿರ್ಲಿಲ್ರಿ. ಕರೆಂಟ್ ಇರ್ಲಿಲ್ಲ. ಕ್ರೇನ್ ನಿಂತಿತ್ತಲ್ಲ, ಅದಕ್ಕ ಮ್ಯಾಲ ಹತ್ತಿ ಹಗ್ಗಾ ನೋಡಿದೆ. ಎಳಿ ಬಿಚ್ಚಿದ್ದುವು.'

ಕರೆಂಟ್ ತೆಗೆಯುವ ಮುನ್ನ ಕರೆಂಟಿನವರಿಂದ ಮೇಲ್ ಬರುತ್ತದೆ. ಅಕ್ಕಾರು ಅದನ್ನು ಕರೆದರು: ಹಿಂದಿನ ಮಂಗಳವಾರ, ಹತ್ತರಿಂದ ನಾಲ್ಕು. ಆ ಹೊತ್ತಿನಲ್ಲಿ ಫೋಟೋ ಇಟ್ಟುಕೊಂಡು ಬಂದ ಮೇಲುಗಳನ್ನು ಕೇಳಿದರು, ಹದಿನಾಲ್ಕು. ಕಲ್ಲು ಕೊಳ್ಳುವವರನ್ನೆಲ್ಲ ಬಿಟ್ಟು ಕೇಳಿದರು, ಮೂರು. ಎರಡನೆಯದನ್ನು ತೆರೆದರು. ಉಕ್ಕಿನ ಹಗ್ಗ, ಸಿಡಿದು ನಿಂತ ಎಳೆಗಳು, ಅವನ್ನು ಎತ್ತಿ ತೋರಿಸುವ ಒಂದು ಕೈ, ಬೆರಳಲ್ಲಿ ತಾಮ್ರದ ಉಂಗುರ. ಅದೇ ಉಂಗುರದ ಕೈ ಆಗ ಅಕ್ಕಾರ ಕುರ್ಚಿಯ ಬೆನ್ನನ್ನು ಹಿಡಿದಿತ್ತು.

'ಇದ ರಿ ಅಕ್ಕಾರ, ಇದ' ಎಂದು ಅವನು ಅಳುವ ದನಿಯಲ್ಲಿ ಹೇಳಿದ. ಹೊರಗೆ ಹೋಗಿ ನೀರು ಕುಡಿದು ಕೂತಿರು ಎಂದು ಅವರು ಅವನನ್ನು ಕಳಿಸಿದರು. ಕನ್ನಡಕ ಹಣೆಗೇರಿಸಿ ಪರದೆಯ ಕೆಳಗಿನ ಸಾಲುಗಳನ್ನು ಓದಿದರು. ಬುಧವಾರ, ನನ್ನ ಅಕ್ಷರ, 'ಆತು'.

ನಾನು ಅವರ ಮೇಜಿನ ಹತ್ತಿರ ಹೋಗಿ ಪಿಸುಗುಟ್ಟಿದೆ. 'ಅಕ್ಕಾರ, ಮೇಲ್ ಇರ್ಲಿ. ಆ ಗುರುತಷ್ಟ ತಗದಬಿಡ್ರಿ. ಒಂದ ಕಮಾಂಡಿನ ಕೆಲಸ. ಯಾರಿಗೂ ತಿಳಿಯಂಗಿಲ್ಲ.'

ಅವರು ಬೆರಳಿನಿಂದ ಮುಂದಿನ ಸಾಲು ತೋರಿಸಿದರು. ಶನಿವಾರ, ಅಕ್ಕಾರ ಅಕ್ಷರ, ಫೋಲ್ಡರಿಗೆ ಸೇರಿಸಿದ್ದು. ಇನ್‌ಬಾಕ್ಸಿನಲ್ಲಿ ಅದು ಕಾಣದಿದ್ದುದಕ್ಕೆ ಅದೇ ಕಾರಣ.

'ನೀ ನೋಡದ ಆತು ಅಂದಿ. ನಾ ನೋಡದ ಕಟ್ಟಿ ಇಟ್ಟೆ' ಎಂದರು. 'ಒಂದ ಸಲ ತಗದ ನೋಡಿದ್ರ ಆ ಹಮಾಲ ಹುಡುಗನ ಪಾದ ಇರ್ತಿತ್ತು. ಎರಡೂ ಹೆಸರು ಇರ್ಲಿ ತಮ್ಮಾ. ಹೋಗು, ಸಾವ್ಕಾರ್ರನ್ನ ಕರಕೊಂಡು ಬಾ.'

ಕರೆದುಕೊಂಡು ಬಂದೆ. ಸಾವ್ಕಾರರು ಫೋಟೋ ನೋಡಿದರು, ತಾರೀಖು ನೋಡಿದರು, ಬಾಗಿಲು ಹಾಕಿದರು. ಅವರು ಕೆಟ್ಟವರಲ್ಲ, ಹಮಾಲನನ್ನು ತಮ್ಮ ಕಾರಿನಲ್ಲೇ ದವಾಖಾನೆಗೆ ಒಯ್ದವರು. ಆದರೆ ಆ ಹೊತ್ತಿನಲ್ಲಿ ಅವರ ಮುಖ ಬೇರೆಯಾಗಿತ್ತು.

'ಅಕ್ಕಾರ, ಇದು ಕಂಡ್ರ ಫ್ಯಾಕ್ಟ್ರಿಗೆ ಕೀಲಿ ಬೀಳ್ತೈತಿ. ಎಷ್ಟ ಮಂದಿ ಹೊಟ್ಟಿ ಮ್ಯಾಲ ಹೊಡದಂಗಾಕ್ಕೈತಿ ನೋಡ್ರಿ. ಆಪರೇಟರನ್ನ ನಾ ಕಾಯ್ತೇನಿ, ವಕೀಲರನ್ನ ಇಡ್ತೇನಿ. ಇದನ್ನ ತಗೀರಿ.'

'ಇಡೂದು ಕಲಿಸೇನ್ರಿ ಈ ಮಷೀನಿಗೆ, ಹುಡುಕೂದು ಕಲಿಸೇನಿ' ಎಂದರು ಅಕ್ಕಾರು. 'ತಗಿಯೂದು ನಾ ಕಲಿಸಿಲ್ರಿ.'

ಸಾವ್ಕಾರರು ನನ್ನ ಕಡೆ ತಿರುಗಿದರು. 'ನಿನಗ ಬರ್ತೈತಲ್ಲೋ?'

ಅಕ್ಕಾರು ಎದ್ದರು. ಕನ್ನಡಕವನ್ನು ಡಬ್ಬಿಯಲ್ಲಿಟ್ಟರು. ಕುರ್ಚಿಯನ್ನು ನನ್ನ ಕಡೆ ಸರಿಸಿ, ರೊಟ್ಟಿಯ ಚೀಲ ಹಿಡಿದುಕೊಂಡು ಆಪರೇಟರ್ ಕೂತಿದ್ದ ಬೆಂಚಿನ ಕಡೆಗೆ ಹೋದರು. ನನ್ನನ್ನು ತಡೆಯಲಿಲ್ಲ, ಬ್ಯಾಡ ಅನ್ನಲಿಲ್ಲ. ನಾನು ಕುರ್ಚಿಯಲ್ಲಿ ಕೂತೆ. ಹಿಂದೆ ಸಾವ್ಕಾರರ ಉಸಿರು ಕೇಳುತ್ತಿತ್ತು. ಅಮಾವಾಸ್ಯೆ ಇನ್ನೂ ನಾಲ್ಕು ದಿನವಿತ್ತು, ಆ ಮೇಲ್‌ನ ನಕಲು ಕಚೇರಿಯಲ್ಲಿ ಬೇರೆಲ್ಲಿಯೂ ಇರಲಿಲ್ಲ. ಬೇರೆ ಕಂಪ್ಯೂಟರುಗಳಾದರೆ ಅಳಿಸುವ ಮುನ್ನ ಖಚಿತವೇ ಎಂದು ಕೇಳುತ್ತವೆ. ಕರಿ ಪರದೆ ಏನನ್ನೂ ಕೇಳುವುದಿಲ್ಲ. ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ, ಕೆಳಗೆ ಇನ್ನೊಂದು ಖಾಲಿ ಸಾಲು ಬಂತು. ಸಾವ್ಕಾರರು ನನ್ನ ಹೆಗಲು ತಟ್ಟಿದರು. ಆಗ ಗಂಟೆ ಹನ್ನೆರಡು. ನನಗೆ ಹಗುರವೆನಿಸಿತು, ಅದು ಇವತ್ತಿಗೂ ನಾಚಿಕೆಯ ಸಂಗತಿ.

ಇನ್‌ಸ್ಪೆಕ್ಟರ್ ಮೂರಕ್ಕೆ ಬಂದರು. ಹಗ್ಗದ ತುಂಡು ನೋಡಿದರು, ಯಾರ್ಡು ನೋಡಿದರು, ಕಚೇರಿಯಲ್ಲಿ ಕೂತರು. ಆಪರೇಟರ್ ಏನನ್ನೂ ತಿಳಿಸಿರಲಿಲ್ಲ ಎಂದು ಸಾವ್ಕಾರರು ಹೇಳಿದರು. ಆಪರೇಟರ್ ಕೈ ಮುಗಿದುಕೊಂಡು ಅಕ್ಕಾರನ್ನೇ ನೋಡುತ್ತಿದ್ದ. ಅಕ್ಕಾರು ರೊಟ್ಟಿಯ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಇನ್‌ಸ್ಪೆಕ್ಟರರ ಮುಂದಿಟ್ಟರು. ಆ ಮೇಲ್‌ನ ಪ್ರಿಂಟ್! ಫೋಟೋ, ತಾರೀಖು, ಕೆಳಗೆ ನಮ್ಮಿಬ್ಬರ ಅಕ್ಷರ ಎಲ್ಲವೂ ಇದ್ದವು. ನಾನು ಸಾವ್ಕಾರರನ್ನು ಕರೆಯಲು ಹೋದಾಗ ತೆಗೆದದ್ದಿರಬೇಕು.

ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. 'ಇದನ್ನ ಮಷೀನಿನ್ಯಾಗ ತೋರಸ್ರಿ.'

'ಈಗಿಲ್ರಿ ಸಾಹೇಬ್ರ. ಮುಂಜಾನಿ ಇತ್ತು.'

'ಅಂದ್ರ?'

ಅಕ್ಕಾರು ರೊಟ್ಟಿಯ ಚೀಲದ ಬಾಯಿ ಕಟ್ಟಿದರು. ಸಾವ್ಕಾರರು ನಕ್ಕರು. 'ಸಾಹೇಬ್ರ, ಇಂಥಾ ಕಾಗದಾ ಯಾರ ಬೇಕಾದ್ರೂ ಮಾಡ್ಕೊಂತಾರ. ಅಕ್ಕಾರ್ದು ಮೆತ್ತನ್ನ ಮನಸ್ಸು, ಆಂವಂದು ನೋಡಿ ಕರಳು ಕಿತ್ತ ಬಂದಿರಬೇಕು.'

ಇನ್‌ಸ್ಪೆಕ್ಟರ್ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದರು: 'ಇದನ್ನ ಮಷೀನಿನ್ಯಾಗ ಮತ್ತ್ಯಾರರೆ ಕಣ್ಲೆ ನೋಡ್ಯಾರೇನ್ರಿ?'

ಆಪರೇಟರ್ ಕೈ ಎತ್ತಿದ. ಅವನ ಮಾತು ನಡೆಯುವಂತಿರಲಿಲ್ಲ. ಸಾವ್ಕಾರರನ್ನು ಬಿಟ್ಟರೆ ಇನ್ನುಳಿದವನು ನಾನೊಬ್ಬ. ಅಕ್ಕಾರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮೇಜಿನ ಅಂಚು ನೋಡುತ್ತ ಕೂತಿದ್ದರು. ಒಮ್ಮೆ ನನ್ನ ಕಡೆ ನೋಡಿದ್ದರೂ ಸಾಕಿತ್ತು, ಬೇಡಿದ್ದರೂ, ಗದರಿಸಿದ್ದರೂ ನನಗೆ ಸುಲಭವಾಗುತ್ತಿತ್ತು. ಅವರು ನೋಡಲಿಲ್ಲ. ಬಾದಾಮಿಯವರು ಅವತ್ತೇ ಬೆಳಿಗ್ಗೆ ಒಪ್ಪಿಗೆ ತಿಳಿಸಿದ್ದರು, ಹುಡುಗ ಏನು ಮಾಡುತ್ತಾನೆ ಎಂದರೆ ನಮ್ಮವ್ವ ಈ ಕಾರ್ಖಾನೆಯ ಹೆಸರು ಹೇಳಿದ್ದಳು. ಸುಮ್ಮನಿದ್ದರೆ ಎಲ್ಲವೂ ಉಳಿಯುತ್ತಿತ್ತು. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.

'ನೋಡೇನ್ರಿ' ಎಂದೆ. 'ಆ ಬುಧವಾರದ ಅಕ್ಷರ ನಂದ. ನೋಡದ ಆತು ಅಂತ ಹಾಕಿದ್ದೆ. ಇವತ್ತ ಹನ್ನೆರಡಕ್ಕ ಅಳಿಸಿದಾಂವನೂ ನಾನ.'

'ಯಾರು ಅಳಸಂದ್ರು?'

ನಾನು ಸಾವ್ಕಾರರ ಮುಖ ನೋಡಿದೆ. ಅವರು ನೆಲ ನೋಡಿದರು. ಇನ್‌ಸ್ಪೆಕ್ಟರ್ ಮುಚ್ಚಳ ತೆಗೆದು ಬರೆಯಲು ಶುರುಮಾಡಿದರು.

ಆಪರೇಟರನ ಮೇಲೆ ಕೇಸು ಬೀಳಲಿಲ್ಲ. ಕಾರ್ಖಾನೆಗೆ ಕೀಲಿಯೂ ಬೀಳಲಿಲ್ಲ, ಹೊಸ ಹಗ್ಗ ಬಂತು. ಹಮಾಲನಿಗೆ ಪಾದ ಬರಲಿಲ್ಲ. ಅಕ್ಕಾರು ತಿಂಗಳಿಗೊಮ್ಮೆ ಅವನ ಮನೆಗೆ ಹೋಗಿ ಬರುತ್ತಿದ್ದರೆಂದು ಆಮೇಲೆ ತಿಳಿಯಿತು, ನಾನು ಒಂದು ಸಲವೂ ಹೋಗಲಿಲ್ಲ. ನಾಳೆಯಿಂದ ಬರಬೇಡಿ ಎಂದು ಸಾವ್ಕಾರರು ನಮ್ಮಿಬ್ಬರಿಗೂ ಅವತ್ತೇ ಹೇಳಿದರು. ಬಾದಾಮಿಯವರು ಅದನ್ನು ಕೇಳಿಯೂ ಹೆಣ್ಣು ಕೊಟ್ಟರು. ನಾನೀಗ ಒಬ್ಬ ಸೀರೆ ವ್ಯಾಪಾರಿಯ ಕಚೇರಿಯಲ್ಲಿದ್ದೇನೆ, ಬಂದ ಒಂದೊಂದು ಮೇಲನ್ನೂ ತೆರೆದು ಓದುತ್ತೇನೆ.

ಕೆಲಸ ಹೋದ ದಿನ ಸಂಜೆ ಇಬ್ಬರೂ ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ಅಕ್ಕಾರ ಹುನಗುಂದದ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಅಕ್ಕಾರು ಮಧ್ಯಾಹ್ನ ಬಿಚ್ಚದ ರೊಟ್ಟಿಯ ಗಂಟು ಬಿಚ್ಚಿ ನನಗೂ ಒಂದು ಕೊಟ್ಟರು. ನಾನದನ್ನು ಕೈಯಲ್ಲೇ ಹಿಡಿದುಕೊಂಡೆ.

'ಅಕ್ಕಾರ, ನಾ ಅಳಸ್ತೇನಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?'

'ಹ್ಞೂಂ. ಅದಕ್ಕ ಪ್ರಿಂಟ್ ತಗದೆ.'

ಅದರಿಂದ ನನಗೆ ಕೆಲಸ ಹೋದದ್ದಕ್ಕಿಂತ ಹೆಚ್ಚು ನೋವಾಯಿತು. ಅವರು ನಿಧಾನವಾಗಿ ರೊಟ್ಟಿ ಮುರಿಯುತ್ತಿದ್ದರು.

'ಮತ್ತ ನಾ ಬಾಯಿ ಬಿಡದಿದ್ರ?'

'ಅದು ಗೊತ್ತಿರ್ಲಿಲ್ಲ. ಬಿಡದಿದ್ರ ನಾನೂ ಸುಳ್ಳಗಿತ್ತಿ, ಆಂವನೂ ಸುಳ್ಳ.'

'ನನ್ನ ಹೆಸರು ನೀವ ಹೇಳಬಹುದಿತ್ತಲ್ರಿ. ಇಂವಾ ಅಳಿಸ್ಯಾನ ಅಂತ.'

ಬಸ್ಸು ಬಂತು. ಅವರು ಗಂಟು ಕಟ್ಟಿ ಎದ್ದು ನಿಂತರು.

'ಅದು ನೀ ಹೇಳೂ ಮಾತಿತ್ತು ತಮ್ಮಾ' ಎಂದು ಹೇಳಿ ಹತ್ತಿದರು.